ಬೀಸಿಕೊಡುವವರು ಯಾರು? – ಹಿರಿಯರ ಅಡುಗೆ ಪ್ರಾತ್ಯಕ್ಷಿಕೆಗೆ ಪಾಕಗಳ ಆಯ್ಕೆ

(ನಮ್ಮ ಬಳಗದ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಬೆಟ್ಟಗಳ ಅಳಿವು ಉಳಿವಿನ ಕುರಿತು ಚರ್ಚಿಸುವ ಈ ವೇದಿಕೆಯಲ್ಲಿ ಇಂದು ಅಡುಗೆಯ ಮಾತನ್ನು ಆಡಲು ಬಂದಿದ್ದೇನೆ. ಮಣ್ಣು ಮತ್ತು ಬೆಳೆಯನ್ನು ಓದಿದವರಿಗೆ ಒಲೆಯ ಬಳಿ ಏನು ಕೆಲಸವೆಂದು ಕೆಲವರು ಈಗಾಗಲೇ ಕೇಳಿದ್ದಾರೆ. ಅರವತ್ತು ದಾಟಿದವರಿಗಾಗಿ ಬಳಗವು ಮತ್ತೊಮ್ಮೆ ಅಡುಗೆ ಪ್ರಾತ್ಯಕ್ಷಿಕೆ ನಡೆಸಲಿದೆ. ಅದರಲ್ಲಿ ಯಾವ ಪಾಕಗಳನ್ನು ತೋರಿಸಬೇಕೆಂದು ನಿರ್ಧರಿಸುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ‘ಮತ್ತೊಮ್ಮೆ’ ಎಂದೆ. ಏಕೆಂದರೆ ಮೊದಲ ಪ್ರಾತ್ಯಕ್ಷಿಕೆಯ ಪಟ್ಟಿಯನ್ನು ಮಾಡಿದ್ದೂ ನಾನೇ, ಅದು ವಿಫಲವಾಯಿತು. ಆ ವೈಫಲ್ಯದಿಂದಲೇ ಮಾತನ್ನು ಆರಂಭಿಸುವುದು ಒಳಿತು.

ಅಂದು ನಾನು ಆರಿಸಿದ್ದು ಪತ್ರೊಡೆ, ಕಳಲೆ ಪಲ್ಯ, ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಕಡುಬು ಮತ್ತು ಧಾರೆಹುಳಿಯ ಪಾನಕ. ಮಲೆನಾಡಿನ ಹೆಮ್ಮೆಯೆಲ್ಲ ಆ ಪಟ್ಟಿಯಲ್ಲಿತ್ತು. ಬಂದವರು ಉಂಡು ಸಂತೋಷಪಟ್ಟರು. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ಕರೆದು, “ತಂಗೀ, ರುಚಿಯೆಲ್ಲ ಚೊಲೋ ಇತ್ತು. ಆದ್ರೆ ನಮ್ಮನೇಲಿ ಇದನ್ನ ಬೀಸಿಕೊಡೋರು ಯಾರು?” ಎಂದರು. ಅವರ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಕೈಬೆರಳುಗಳ ಗಂಟು ಊದಿಕೊಂಡಿವೆ. ಒರಳುಕಲ್ಲು ತಿರುಗಿಸಿ ಎಷ್ಟೋ ವರ್ಷವಾಯಿತು. ಮಿಕ್ಸರ್ ಇದೆ, ಆದರೆ ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ಮೂರು ನಾಲ್ಕು ದಿನ ವಿದ್ಯುತ್ ಇರುವುದಿಲ್ಲ. ತೆಂಗಿನಕಾಯಿ ಹೆರೆಯಲು ನೆಲದ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು. ನನ್ನ ಆರು ಪಾಕಗಳಲ್ಲಿ ನಾಲ್ಕಕ್ಕೆ ಬೀಸುವ ಕೆಲಸವಿತ್ತು. ನಾಲ್ಕಕ್ಕೂ ತೆಂಗಿನಕಾಯಿ ಬೇಕಿತ್ತು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇಕಡಾ 8.6. ಅಲ್ಲಿಂದೀಚೆಗೆ ಆ ಪ್ರಮಾಣ ಏರಿದೆ. ಆದರೆ ಅಂಕಿಯ ಅಗತ್ಯವೇನು? ನಿಮ್ಮ ನಿಮ್ಮ ಕೇರಿಯಲ್ಲಿ ಸಂಜೆ ದೀಪ ಹೊತ್ತಿಸುವ ಮನೆಗಳನ್ನು ಎಣಿಸಿ, ಅವುಗಳಲ್ಲಿ ಎಷ್ಟರಲ್ಲಿ ಇಬ್ಬರೇ ವೃದ್ಧರು, ಎಷ್ಟರಲ್ಲಿ ಒಬ್ಬರೇ ಇದ್ದಾರೆಂದು ನೋಡಿ. ಒಬ್ಬರಿಗಾಗಿ ಅಡುಗೆ ಮಾಡಿಕೊಳ್ಳುವವರ ಒಲೆ ಬಹುಬೇಗ ಆರುತ್ತದೆ. ಬೆಳಿಗ್ಗೆ ಒಮ್ಮೆ ಅನ್ನ. ಮಧ್ಯಾಹ್ನಕ್ಕೂ ರಾತ್ರಿಗೂ ಅದೇ ಅನ್ನಕ್ಕೆ ಮಜ್ಜಿಗೆ, ಒಂದು ಮಿಡಿ ಉಪ್ಪಿನಕಾಯಿ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ತಾಯಿಯವರು ತೀರಿಕೊಂಡ ಮೇಲೆ ನನ್ನ ತಂದೆಯವರು ಹೀಗೆಯೇ ಉಣ್ಣುತ್ತಿದ್ದರು. “ಹೊಟ್ಟೆ ತುಂಬಿತು” ಎನ್ನುತ್ತಿದ್ದರು, ನಾನು ನಂಬುತ್ತಿದ್ದೆ. ಒಂದು ದಿನ ಅಡಿಕೆ ಮೂಟೆ ತೂಗುವ ಯಂತ್ರದ ಮೇಲೆ ತಮಾಷೆಗೆಂದು ಅವರನ್ನು ನಿಲ್ಲಿಸಿದಾಗ 49 ಕಿಲೋ ತೋರಿಸಿತು. ಎರಡು ವರ್ಷದ ಹಿಂದೆ ಅವರು 58 ಕಿಲೋ ಇದ್ದರು. ತೋಟದ ಮರಗಳಿಗೆ ಯಾವ ಪೋಷಕಾಂಶ ಕಡಿಮೆಯಾಗಿದೆಯೆಂದು ಎಲೆಯ ಬಣ್ಣ ನೋಡಿ ಹೇಳುವ ನನಗೆ, ಅದೇ ಮನೆಯಲ್ಲಿ ತಂದೆಯ ತೋಳು ಸಣ್ಣಗಾದದ್ದು ಕಾಣಲಿಲ್ಲ.

ಅವರ ಊಟದ ಲೆಕ್ಕವನ್ನು ನಂತರ ಹಾಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ವೃದ್ಧಾಪ್ಯದಲ್ಲಿ ಸ್ನಾಯು ಕರಗುವುದನ್ನು ತಡೆಯಲು 1ರಿಂದ 1.2 ಗ್ರಾಂ ಇರಬೇಕೆಂದು 2013ರಲ್ಲಿ ವೃದ್ಧಾಪ್ಯ ವೈದ್ಯರ ಅಂತರರಾಷ್ಟ್ರೀಯ ತಂಡವೊಂದು ಹೇಳಿತು. ಐವತ್ತು ಕಿಲೋ ತೂಕದವರಿಗೆ ಅದು 50ರಿಂದ 60 ಗ್ರಾಂ ಆಗುತ್ತದೆ. ಇನ್ನೂರು ಗ್ರಾಂ ಅಕ್ಕಿಯ ಅನ್ನದಿಂದ ದೊರೆಯುವುದು ಸುಮಾರು 15 ಗ್ರಾಂ. ನೀರು ಬೆರೆಸಿದ ಮಜ್ಜಿಗೆಯಲ್ಲಿ ಲೋಟಕ್ಕೆ ಒಂದೆರಡು ಗ್ರಾಂ. ಉಪ್ಪಿನಕಾಯಿಯಲ್ಲಿ ಉಪ್ಪು. ಬೇಕಾದುದರ ಅರ್ಧವೂ ಅಲ್ಲಿರಲಿಲ್ಲ. (ಮೂತ್ರಪಿಂಡದ ಕಾಯಿಲೆಯವರಿಗೆ ಈ ಲೆಕ್ಕ ಬೇರೆ, ಅವರು ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು.)

ಹೀಗಾಗಿ ಹೊಸ ಪಟ್ಟಿಯ ಮೊದಲ ಸ್ಥಾನವನ್ನು ಹುರುಳಿಗೆ ಕೊಟ್ಟಿದ್ದೇನೆ. ಹುರುಳಿಯ ಕಟ್ಟನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಆದರೆ ಬೆಂದ ಕಾಳನ್ನು ಬಸಿದು ಬೇರೆಯಿಟ್ಟು, ಕಟ್ಟಿನ ಸಾರನ್ನು ಮಾತ್ರ ಅಜ್ಜನಿಗೆ ಬಡಿಸುವುದು ರೂಢಿ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ, ಅದರ ಬಹುಪಾಲು ಉಳಿಯುವುದು ಕಾಳಿನಲ್ಲಿ. ಅಜ್ಜನಿಗೆ ಸಾರು, ದನಕ್ಕೆ ಸಾರ! ಪ್ರಾತ್ಯಕ್ಷಿಕೆಯಲ್ಲಿ ನಾವು ತೋರಿಸುವ ಕ್ರಮ ಇದು: ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಕುಕ್ಕರಿನಲ್ಲಿ ಬೆರಳಲ್ಲಿ ಹಿಸುಕಿದರೆ ಮುದ್ದೆಯಾಗುವಷ್ಟು ಬೇಯಿಸಿ, ಸೌಟಿನ ಹಿಂಬದಿಯಿಂದ ಅಲ್ಲಿಯೇ ಮಸೆದು, ಮುರುಗಲು ಸಿಪ್ಪೆ ಹಾಕಿ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡುವುದು. ಬೀಸುವುದಿಲ್ಲ, ಕಾಯಿ ಹೆರೆಯುವುದಿಲ್ಲ. ಹಲ್ಲಿಲ್ಲದವರೂ ಉಣ್ಣಬಹುದು. ಮರುದಿನ ಬಿಸಿಮಾಡಿದರೆ ರುಚಿ ಹೆಚ್ಚು.

ಇಲ್ಲಿ ನನ್ನ ಹಳೆಯ ಪಟ್ಟಿಯ ಇನ್ನೊಂದು ದೋಷವನ್ನೂ ಒಪ್ಪಿಕೊಳ್ಳಬೇಕು. ಅದು ನಮ್ಮ ಮನೆಯ ಅಡುಗೆಮನೆಯ ಪಟ್ಟಿಯಾಗಿತ್ತು, ಊರಿನದ್ದಲ್ಲ. ಸಭೆಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೀನು, ಮೊಟ್ಟೆ ತಿನ್ನುವವರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಜೊತೆಗೆ ಸಸ್ಯಮೂಲದ ಆಹಾರದಲ್ಲಿ ದೊರೆಯದ ಬಿ12 ಜೀವಸತ್ವವಿದೆ. ಬೇಯಿಸಲು ಹತ್ತು ನಿಮಿಷ ಸಾಕು. ವೇದಿಕೆ ಯಾರದ್ದೆಂಬ ಸಂಕೋಚಕ್ಕೆ ಅದನ್ನು ಬಿಟ್ಟಿದ್ದು ತಪ್ಪು. ಈ ಬಾರಿ ಎರಡು ಒಲೆಗಳಿರುತ್ತವೆ. ಮೊಟ್ಟೆ ತಿನ್ನದವರಿಗೆ ಬಿ12 ಹಾಲು ಮೊಸರಿನಿಂದಲೇ ಬರಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ನುಂಗುವವರಲ್ಲಿ ಈ ಜೀವಸತ್ವ ಇನ್ನಷ್ಟು ಕುಸಿಯುತ್ತದೆ ಎಂಬುದನ್ನು ಅಂದು ಹೇಳಿಯೇ ಹೇಳಬೇಕು. ಹತ್ತುಮೀನಿನ ಸಾರು ತೋರಿಸಿ ಎಂದು ಯುವಕರು ಕೇಳಿದ್ದಾರೆ. ನಾನು ಒಪ್ಪಿಲ್ಲ. ಮೊದಲ ಮಳೆಗೆ ಗದ್ದೆಯ ಕಡೆ ಏರಿ ಬರುವ ಆ ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ಮುಳ್ಳಂತೂ ಮಂದ ಕಣ್ಣಿನ ಹಿರಿಯರಿಗೆ ಅಪಾಯಕರ.

ಧಾರೆಹುಳಿಯ ವಿಷಯ. ಕರಂಬಲ, ಕಮರಾಕ್ಷಿ ಎಂದೂ ಕರೆಯುವ ಈ ಹಣ್ಣಿನ ಪಾನಕವನ್ನು ಮೊದಲ ಸಲ ನಾನೇ ಪಟ್ಟಿಗೆ ಸೇರಿಸಿದ್ದೆ. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ನಿವೃತ್ತ ದಾದಿಯೊಬ್ಬರು ಬಂದು ಪಾತ್ರೆಯನ್ನು ಪಕ್ಕಕ್ಕಿರಿಸಿ, “ಇಲ್ಲಿ ಡಯಾಲಿಸಿಸ್‌ಗೆ ಹೋಗುವವರು ಇಬ್ಬರಿದ್ದಾರೆ” ಎಂದರು. ನನಗೆ ಗೊತ್ತಿರಲಿಲ್ಲ. ಈ ಹಣ್ಣಿನಲ್ಲಿ ಆಕ್ಸಲೇಟ್ ಹೇರಳವಾಗಿದೆ; ಜೊತೆಗೆ ನರಗಳಿಗೆ ವಿಷವಾಗುವ ಕ್ಯಾರಂಬಾಕ್ಸಿನ್ ಎಂಬ ವಸ್ತುವಿದೆಯೆಂದು 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಗುರುತಿಸಿದರು. ಮೂತ್ರಪಿಂಡ ಕೆಟ್ಟವರಲ್ಲಿ ಅದು ಹೊರಹೋಗದೆ ಉಳಿದು, ನಿಲ್ಲದ ಬಿಕ್ಕಳಿಕೆ, ವಾಂತಿ, ಮಂಕು, ಕೊನೆಗೆ ಸೆಳವು ಕಾಣಿಸಿಕೊಳ್ಳುತ್ತದೆ. ಪ್ರಾಣ ಹೋದದ್ದೂ ಉಂಟು. ಆರೋಗ್ಯವಂತರು ಕೂಡ ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ರಸ ಕುಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಬಿಂಬುಳಿಯ ರಸದಿಂದಲೂ ಹೀಗಾಗಿರುವುದನ್ನು ಕೇರಳದ ವೈದ್ಯರು ವರದಿ ಮಾಡಿದ್ದಾರೆ. ‘ಹಿತ್ತಲಿನದ್ದು, ಆದ್ದರಿಂದ ಒಳ್ಳೆಯದು’ ಎಂಬ ಮಾತನ್ನು ನಾವು, ಪರಿಸರದವರು, ಬಹಳ ಸುಲಭವಾಗಿ ಆಡಿಬಿಡುತ್ತೇವೆ. ಆ ದಿನ ಆ ಮಾತಿಗೆ ಇಬ್ಬರು ಬಲಿಯಾಗಬಹುದಿತ್ತು. ಈಗ ಪಟ್ಟಿಗೆ ಮುನ್ನ ಮನೆಮನೆಗೆ ಹೋಗಿ, ಯಾರು ಯಾವ ಗುಳಿಗೆ ನುಂಗುತ್ತಾರೆ, ಯಾರಿಗೆ ಯಾವ ಪಥ್ಯವಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದೇವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಗುಳಿಗೆ ನುಂಗುವವರು ಒಮ್ಮೆಲೇ ಸೊಪ್ಪಿನ ಪ್ರಮಾಣವನ್ನು ಏರಿಸಬಾರದು ಎಂಬುದು ಕೂಡ ಹಾಗೆ ಕೇಳಿದಾಗಲೇ ಹೇಳಬೇಕಾಗಿ ಬಂದ ಸಂಗತಿ.

ಉಪ್ಪಿನದು ದೊಡ್ಡ ತೊಡಕು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆಯೊಳಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಯಸ್ಸಾದಂತೆ ನಾಲಿಗೆಯೂ ಮೂಗೂ ಮಂದವಾಗುತ್ತವೆ. “ಸಪ್ಪೆ” ಎಂದು ಇನ್ನಷ್ಟು ಉಪ್ಪು ಬೀಳುತ್ತದೆ. ಅಪ್ಪೆಮಿಡಿಯನ್ನು ಬಿಡಿ ಎಂದು ನಮ್ಮ ಸೀಮೆಯವರಿಗೆ ಹೇಳುವ ಧೈರ್ಯ ನನಗಿಲ್ಲ, ಇಷ್ಟವೂ ಇಲ್ಲ. ಅದನ್ನು ಊಟದ ಕೊನೆಗೆ ಒಂದು ಚೂರಿಗೆ ಇಳಿಸಿ, ಅಡುಗೆಯೊಳಗೆ ಹುಳಿಯನ್ನೂ ಕಾರವನ್ನೂ ಏರಿಸಬಹುದು. ಮುರುಗಲು, ನಿಂಬೆ, ಕಾಳುಮೆಣಸು, ಸೂಜಿಮೆಣಸು, ಶುಂಠಿ ಇರುವಲ್ಲಿ ಉಪ್ಪು ಕಾಲುಭಾಗ ತಗ್ಗಿದ್ದು ಅಷ್ಟಾಗಿ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಮಾಡಿ ನೋಡಿದ್ದೇನೆ.

ಒಂದೆಲಗದ ತಂಬುಳಿ ಪಟ್ಟಿಯಲ್ಲಿ ಉಳಿದಿದೆ, ಆದರೆ ಬದಲಾಗಿ. ಎಲೆ ಎಲ್ಲಿಂದ ಬಂತು ಎಂಬುದು ನನ್ನ ಮೊದಲ ಪ್ರಶ್ನೆ. ಒಂದೆಲಗ ಸೊಂಪಾಗಿ ಬೆಳೆಯುವ ಮಳೆಗಾಲದಲ್ಲಿಯೇ ಅಡಿಕೆಗೆ ಕೊಳೆರೋಗ ಬಾರದಂತೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರದಿಂದ ತೊಟ್ಟಿಕ್ಕುವುದು ಕಾಲುವೆಯಂಚಿನ ಸೊಪ್ಪಿನ ಮೇಲೆಯೇ. ಈಚೆಗೆ ಕಳೆನಾಶಕ ಹೊಡೆಯುವ ತೋಟಗಳೂ ಹೆಚ್ಚಿವೆ. ಆದ್ದರಿಂದ ಪ್ರಾತ್ಯಕ್ಷಿಕೆಗೆ ಬಂದ ಪ್ರತಿಯೊಬ್ಬರಿಗೂ ಬೇರುಸಹಿತ ನಾಲ್ಕು ಬಳ್ಳಿ ಕೊಡುತ್ತೇವೆ. ಅಂಗಳದ ಒಡೆದ ಕೊಡದಲ್ಲಿ ನೆಟ್ಟರೆ ಸಾಕು, ಬಗ್ಗಿ ಕೀಳುವ ಶ್ರಮವೂ ಇಲ್ಲ. ಎಲೆಗಳನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸಿನೊಂದಿಗೆ ಕುಟ್ಟಾಣಿಯಲ್ಲಿ ಜಜ್ಜಿ, ಕಾಯಿಯ ಬದಲು ಗಟ್ಟಿ ಮೊಸರಿಗೆ ಬೆರೆಸುವುದು. ಮಜ್ಜಿಗೆಯಲ್ಲ, ಮೊಸರು. ಜ್ಞಾಪಕಶಕ್ತಿಗೆ ಮದ್ದು ಎಂದು ವೇದಿಕೆಯಿಂದ ಯಾರೂ ಸಾರಬಾರದು. ಮರೆವಿನ ಕಾಯಿಲೆಯವರ ಮನೆಯವರು ಆ ಮಾತನ್ನು ಹಿಡಿದುಕೊಂಡು ಆಸ್ಪತ್ರೆಯನ್ನು ಮುಂದೂಡುತ್ತಾರೆ.

ಕಳಲೆಯನ್ನು ಕೈಬಿಟ್ಟೆವು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಅದಕ್ಕೇ ನಮ್ಮ ಹಿರಿಯರು ಹೆಚ್ಚಿ, ನೀರು ಬದಲಿಸುತ್ತ ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸುತ್ತಿದ್ದರು. ಎರಡು ಗಂಟೆಯ ಪ್ರಾತ್ಯಕ್ಷಿಕೆಯಲ್ಲಿ ಮೂರು ದಿನವನ್ನು ತೋರಿಸಲಾಗದು. ತೋರಿಸದ ಹಂತವನ್ನೇ ಜನ ಮರೆಯುತ್ತಾರೆ. ಇನ್ನೊಂದು ಕಾರಣವೂ ಇದೆ. ವೇದಿಕೆಯಲ್ಲಿ ತೋರಿಸಿದ್ದಕ್ಕೆ ಬೇಡಿಕೆ ಹುಟ್ಟುತ್ತದೆ. ಉಪ್ಪಾಗೆಯ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದಾಗ ಕೊಂಬೆಗಳನ್ನೇ ಕಡಿದು ಕಾಯಿ ಇಳಿಸಿದ್ದನ್ನೂ, ಮಳೆಗಾಲದಲ್ಲಿ ಅದನ್ನು ಒಣಗಿಸಲು ಸೌದೆ ಸುಟ್ಟಿದ್ದನ್ನೂ ಇಲ್ಲಿರುವ ಹಿರಿಯರು ಕಂಡಿದ್ದಾರೆ. ಮರದ ಮೇಲೆ ಬೆಳೆಯುವ ಮರಕೆಸುವನ್ನು ಗೆಡ್ಡೆಸಹಿತ ಕಿತ್ತರೆ ಮರುವರ್ಷ ಅಲ್ಲಿರುವುದಿಲ್ಲ. ಹಾಗಾಗಿ ಪತ್ರೊಡೆಗೆ ಹಿತ್ತಲ ಕೆಸು. ಅದನ್ನೂ ಸುತ್ತುವ ಬದಲು ಸಣ್ಣಗೆ ಹೆಚ್ಚಿ, ಹುಣಸೆ ರಸ ಸೇರಿಸಿದ ಅಕ್ಕಿಹಿಟ್ಟು ಕಡಲೆಹಿಟ್ಟುಗಳೊಂದಿಗೆ ಕಲಸಿ, ಬಟ್ಟಲಲ್ಲಿ ಹಬೆಗೆ ಇಡುತ್ತೇವೆ. ಇದು ಪತ್ರೊಡೆಯೇ ಅಲ್ಲ ಎಂದು ನಮ್ಮ ಅತ್ತೆಯವರು ಹೇಳಿದರು. ನಿಜ. ಆದರೂ ಎರಡು ಬಟ್ಟಲು ಉಂಡರು. ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದವರು ಕೆಸುವಿನಿಂದ ದೂರವಿರಬೇಕು.

ಪ್ರಾತ್ಯಕ್ಷಿಕೆ ಬೇಸಿಗೆಯಲ್ಲಾದರೆ ಕಾಡಿನಿಂದ ಆಯ್ದು ತರುವ ಯಾವುದೂ ಪಟ್ಟಿಯಲ್ಲಿ ಇರಕೂಡದು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಸೀಮೆಯ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಉಣುಗುಗಳ ಕಾಟ ಹೆಚ್ಚು. ಒಂದು ಪಲ್ಯಕ್ಕಾಗಿ ಎಪ್ಪತ್ತರ ಅಜ್ಜನನ್ನು ದರಕಿನ ಮೇಲೆ ನಡೆಸುವುದು ಬೇಡ.

ರಾಗಿಯ ಅಂಬಲಿಯನ್ನು ಸೇರಿಸಿದ್ದೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅನ್ನವನ್ನೇ ನಂಬಿದ ನಮಗೆ ಅದು ಬೇಕು. ಕೆಮ್ಮಣ್ಣು ಬಳಿದಿಟ್ಟ ಹಲಸಿನ ಬೀಜದ ಹುಳಿಯೂ ಇದೆ, ಬೀಜ ಬೆಂದು ಹುಡಿಯಾಗಬೇಕು. ನುಂಗುವಾಗ ಕೆಮ್ಮು ಬರುವವರಿಗೆ ತೆಳ್ಳಗಿನ ಸಾರಿಗಿಂತ ಮಂದವಾದ ಅಂಬಲಿ ಸುರಕ್ಷಿತವಾಗಬಹುದು, ಆದರೆ ಅಂಥವರನ್ನು ಮೊದಲು ವೈದ್ಯರಿಗೆ ತೋರಿಸಿ.

ಹೀಗೆ ಐದು ಪಾಕಗಳಾದವು, ಇನ್ನೊಂದು ಸ್ಥಾನ ಖಾಲಿ ಇದೆ. ಅದನ್ನು ನಾನು ತುಂಬುವುದಿಲ್ಲ. ವಿದ್ಯಾರ್ಥಿಗಳೇ, ಈ ವಾರ ನಿಮ್ಮ ಮನೆಯ ಅಥವಾ ನೆರೆಮನೆಯ ಒಬ್ಬ ಹಿರಿಯರ ಜೊತೆ ಕುಳಿತು ಉಣ್ಣಿ. ಯಾವುದನ್ನು ಅಗಿಯಲಾಗದೆ ಎಲೆಯ ಅಂಚಿಗೆ ಸರಿಸುತ್ತಾರೆ, ಮೊದಲು ಮಾಡುತ್ತಿದ್ದ ಯಾವ ಅಡುಗೆಯನ್ನು ಬಿಟ್ಟಿದ್ದಾರೆ, ಏಕೆ ಬಿಟ್ಟರು ಎಂದು ಕೇಳಿ ಬರೆದು ತನ್ನಿ. ಸಾಧ್ಯವಾದರೆ ತೂಕವನ್ನೂ ನೋಡಿ. ಅಡಿಕೆ ತೂಗುವ ಯಂತ್ರ ಎಲ್ಲರ ಮನೆಯಲ್ಲೂ ಇದೆ. ನಮ್ಮ ತಂದೆಯವರು ಈಗ 53 ಕಿಲೋ ಇದ್ದಾರೆ. ಹುರುಳಿಗೆ ಉಪ್ಪು ಸಾಲದು ಎಂದು ಇವತ್ತು ಬೆಳಿಗ್ಗೆಯೂ ಜಗಳವಾಡಿದರು.