ಮಾತೃ–ಶಿಶು ಸಂರಕ್ಷಣೆಯಲ್ಲಿ ಸಮಾಜದ ಹೊಣೆ



ಹೆರಿಗೆಯು ರೋಗವಲ್ಲ, ಅದು ಪ್ರಕೃತಿಧರ್ಮ. ಆದರೂ ಆ ಧರ್ಮವನ್ನು ನಡೆಯಿಸುವಾಗಲೇ ಸಾವಿರಾರು ತಾಯಂದಿರು ಪ್ರಾಣವನ್ನು ನೀಗುವರು. 2001–03ರ ಗಣನೆಯಂತೆ ಭಾರತದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 301 ತಾಯಂದಿರು ಮೃತರಾಗುತ್ತಿದ್ದರು. 2018–20ರ ಗಣನೆಯಲ್ಲಿ ಈ ಸಂಖ್ಯೆಯು 97ಕ್ಕೆ ಇಳಿಯಿತು. ಕರ್ನಾಟಕದಲ್ಲಿ 228 ಇದ್ದುದು 69 ಆಯಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ನೆರೆಯ ಕೇರಳದಲ್ಲಿ ಅದೇ ಕಾಲಕ್ಕೆ ಈ ಸಂಖ್ಯೆಯು 19 ಮಾತ್ರವಿದ್ದುದನ್ನು ನೆನೆದರೆ, ಕನ್ನಡ ನಾಡಿನಲ್ಲಿ ಮಡಿದವರೊಳಗೆ ಬಹುಮಂದಿ ಬದುಕಿ ಉಳಿಯಬಹುದಾಗಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ತಾಯಿಯ ಮರಣಕ್ಕೆ ಮುಖ್ಯ ಕಾರಣಗಳು ಅತಿ ರಕ್ತಸ್ರಾವ, ರಕ್ತದೊತ್ತಡವೇರಿ ಬರುವ ಸೆಳವು, ಮತ್ತು ನಂಜು. ಇವುಗಳಿಗೆಲ್ಲ ಚಿಕಿತ್ಸೆಯುಂಟು. ಆದರೆ ವಿಳಂಬವು ಆ ಚಿಕಿತ್ಸೆಯನ್ನು ನಿಷ್ಫಲಗೊಳಿಸುವದು. ವಿಳಂಬವು ಮೂರು ಬಗೆಯದು: ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯವರು ನಿಶ್ಚಯಿಸುವಲ್ಲಿ ಒಂದು, ದಾರಿಯಲ್ಲಿ ಎರಡನೆಯದು, ಆಸ್ಪತ್ರೆಯನ್ನು ಸೇರಿದ ಮೇಲೆ ಆರೈಕೆ ದೊರೆಯುವಲ್ಲಿ ಮೂರನೆಯದು. ಮೂರನೆಯದು ವೈದ್ಯರ ಮತ್ತು ಸರಕಾರದ ಹೊಣೆಯೆಂದರೂ ಮೊದಲಿನೆರಡು ಮನೆಯ, ಊರಿನ ಹೊಣೆಗಳೇ ಆಗಿವೆ. ಹೆರಿಗೆಯ ನಂತರದ ರಕ್ತಸ್ರಾವವು ಕೆಲವೇ ಗಂಟೆಗಳಲ್ಲಿ ಪ್ರಾಣವನ್ನು ಹೀರುವದಾದುದರಿಂದ, ಹಿರಿಯರ ಒಪ್ಪಿಗೆಗಾಗಿ ಕಾಯುವದೂ ವಾಹನಕ್ಕಾಗಿ ಅಲೆಯುವದೂ ಪ್ರಾಣಾಂತಿಕವಾಗುವವು.

ಖಾಸಗಿ ಸಂಸ್ಥೆಗಳಿಂದ ಈ ವಿಷಯದಲ್ಲಿ ಏನಾಗಬಲ್ಲದೆಂಬುದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತ್ಯಾಗಿಗಳು ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಸಮಾಜದ ದಾನದಿಂದಲೇ ಬೆಳೆಯಿತು. ಅದರ ವೈದ್ಯಕೀಯ ವಿದ್ಯಾಲಯದ ಪಂಡಿತರು ವಿದೇಶೀಯ ವಿದ್ವಾಂಸರೊಡಗೂಡಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರೊಳಗೆ ಒಂದು ಪರೀಕ್ಷೆಯನ್ನು ನಡೆಯಿಸಿದರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಹಳ್ಳಿಯ ದಾದಿಯರೇ ಬಾಯಿಯ ಮೂಲಕ ಕೊಟ್ಟಾಗ, ನೂರಕ್ಕೆ 12ರಷ್ಟಿದ್ದ ಅತಿ ರಕ್ತಸ್ರಾವವು 6.4ಕ್ಕೆ ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಈ ಗುಳಿಗೆಗೆ ಸೂಜಿಯೂ ಬೇಡ, ತಂಪು ಪೆಟ್ಟಿಗೆಯೂ ಬೇಡ. ಹಳ್ಳಿಯ ದಾದಿಯ ಕೈಗೆ ತಕ್ಕ ಸಾಧನವನ್ನಿತ್ತರೆ ಜೀವಗಳುಳಿಯುವವೆಂಬುದು ಇದರಿಂದ ಸಿದ್ಧವಾಯಿತು.

ಹಸುಗೂಸುಗಳ ವಿಷಯದಲ್ಲಿ ಮಹಾರಾಷ್ಟ್ರದ ಗಡಚಿರೋಲಿಯು ದಾರಿ ತೋರಿತು. ಅಲ್ಲಿ ಡಾಕ್ಟರ ಅಭಯ ಬಂಗ ಮತ್ತು ರಾಣಿ ಬಂಗ ದಂಪತಿಗಳು 39 ಗ್ರಾಮಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಶಿಕ್ಷಣವನ್ನಿತ್ತು, ಮನೆಮನೆಗೆ ಹೋಗಿ ಕೂಸನ್ನು ತೂಗುವ, ಬೆಚ್ಚಗಿಡುವ, ಉಸಿರು ಕಟ್ಟಿದಾಗ ಉಪಚರಿಸುವ, ನಂಜನ್ನು ಗುರುತಿಸಿ ಔಷಧವೀಯುವ ಕೆಲಸವನ್ನು ವಹಿಸಿದರು. ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಮರಣವು, ಹೋಲಿಕೆಯ ಗ್ರಾಮಗಳನ್ನು ನೋಡಲಾಗಿ, ನೂರಕ್ಕೆ 62ರಷ್ಟು ತಗ್ಗಿತೆಂದು 1999ರಲ್ಲಿ ಪ್ರಕಟಿಸಲಾಯಿತು. ಮುಂದೆ 2011ರಲ್ಲಿ ಭಾರತ ಸರಕಾರವು ಆಶಾ ಕಾರ್ಯಕರ್ತೆಯರ ಗೃಹಭೇಟಿಯ ಪದ್ಧತಿಯನ್ನು ದೇಶದಲ್ಲೆಲ್ಲ ಜಾರಿಗೆ ತಂದಿತು.

ಆದರೆ ಹಣವನ್ನು ಸಲ್ಲಿಸಿದ ಮಾತ್ರದಿಂದ ಎಲ್ಲವೂ ಸಾಧ್ಯವಾಗದು. ಗುಜರಾತ ಸರಕಾರವು 2005ರ ಕೊನೆಯಲ್ಲಿ ಚಿರಂಜೀವಿ ಯೋಜನೆಯನ್ನು ಆರಂಭಿಸಿ, ಬಡ ಸ್ತ್ರೀಯರ ನೂರು ಹೆರಿಗೆಗಳಿಗೆ 1,79,500 ರೂಪಾಯಿಗಳಂತೆ ಖಾಸಗಿ ವೈದ್ಯರಿಗೆ ಕೊಡಲು ಏರ್ಪಡಿಸಿತು. ಉದ್ದೇಶವು ಸ್ತುತ್ಯವೇ. ಆದರೂ 2014ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಆ ಯೋಜನೆಯಿಂದ ಆಸ್ಪತ್ರೆಯ ಹೆರಿಗೆಗಳು ವಿಶೇಷವಾಗಿ ಹೆಚ್ಚಿದುದಕ್ಕಾಗಲಿ, ಮನೆಯವರ ವೆಚ್ಚವು ತಗ್ಗಿದುದಕ್ಕಾಗಲಿ ಆಧಾರವು ದೊರೆಯಲಿಲ್ಲ. ಆದುದರಿಂದ ವೈದ್ಯರಿಗೆ ಹಣ ಸಲ್ಲುವದರ ಜೊತೆಗೆ, ಬಡವಳಿಗೆ ಫಲ ಮುಟ್ಟಿತೇ ಎಂದು ಲೆಕ್ಕ ಕೇಳುವ ಜಾಗ್ರತ ಸಮಾಜವೂ ಇರತಕ್ಕದ್ದು.

ಇನ್ನು ಆಚಾರದ ಮಾತು. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ಜನನಸೂತಕವು ಅವುಗಳಲ್ಲೊಂದು. ಹೆತ್ತ ತಾಯಿಯು ಮುಟ್ಟಬಾರದವಳಲ್ಲವೆಂಬುದೇ ಅದರ ತಾತ್ಪರ್ಯ. ಹೀಗಿದ್ದೂ ಬಾಣಂತಿಯನ್ನು ಗಾಳಿ ಬೆಳಕಿಲ್ಲದ ಕೋಣೆಯಲ್ಲಿರಿಸುವ, ಪಥ್ಯದ ನೆವದಿಂದ ಅನ್ನನೀರುಗಳನ್ನು ಬಿಗಿಹಿಡಿಯುವ, ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಮನೆಗಳು ಇಂದಿಗೂ ಇವೆ. ಆ ಮೊದಲ ಹಾಲೇ ಕೂಸಿಗೆ ರೋಗನಿರೋಧಕವು. ಹುಟ್ಟಿದ ಒಂದು ಗಂಟೆಯೊಳಗಾಗಿ ಎದೆಗೆ ಹಚ್ಚತಕ್ಕದ್ದು. ಹುಟ್ಟಿದ ದಿನವೇ ಕೂಸಿಗೆ ನೀರೆರೆಯದೆ ಒರೆಸಿ ಬೆಚ್ಚಗೆ ಹೊದಿಸತಕ್ಕದ್ದು. ತೂಕ ಕಡಿಮೆಯಾದ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅಪ್ಪಿಸಿಡತಕ್ಕದ್ದು. ಮಡಿ ಬೇರೆ, ಶುಚಿ ಬೇರೆ; ಮುಟ್ಟುವವರು ಸಾಬೂನಿನಿಂದ ಕೈ ತೊಳೆದರೆ ಸಾಕು.

ಸಭಿಕರೇ, ಮಠದ ಅನ್ನದಾಸೋಹವು ಹಸಿದವರನ್ನು ಹುಡುಕಿ ಉಣ್ಣಿಸುವಂತೆ, ಪ್ರತಿ ಊರಿನ ಹಿರಿಯರು ಊರ ಬಸುರಿಯರ ಪಟ್ಟಿಯನ್ನಿಟ್ಟುಕೊಂಡು, ಅವರಿಗೆ ಪರೀಕ್ಷೆಗಳಾದವೇ, ಕಬ್ಬಿಣಾಂಶದ ಗುಳಿಗೆಗಳು ಮುಟ್ಟಿದವೇ ಎಂದು ವಿಚಾರಿಸಲಿ. ವಾಹನವುಳ್ಳವರು ಸರತಿಯ ಮೇಲೆ ರಾತ್ರಿಯಲ್ಲಿ ಸಿದ್ಧರಿರಲಿ. ತರುಣರು ರಕ್ತದಾನ ಮಾಡಲಿ. ಸ್ವಂತ ಆಸ್ಪತ್ರೆಯುಳ್ಳ ವೈದ್ಯರು ಮುಂಗಡ ಹಣವನ್ನು ಕೇಳುವ ಮೊದಲು ರಕ್ತಸ್ರಾವವನ್ನು ತಡೆಯಲಿ. ಜಾತ್ರೆಯ ವೆಚ್ಚದಲ್ಲಿ ಒಂದು ಪಾಲು ಈ ಕಾರ್ಯಕ್ಕೆ ಸಂದರೆ ಅದೂ ಸೇವೆಯೇ. ತೊಟ್ಟಿಲು ಬರಿದಾಗದಿರಲಿ, ತೊಟ್ಟಿಲು ತೂಗುವ ಕೈಯೂ ಉಳಿಯಲಿ.

ಶುಭಂ ಭೂಯಾತ್.