ಪದದ ಜೊತೆಗೇ ಹುಟ್ಟುವ ತಾಳ



ಹುಲ್ಲಹಳ್ಳಿ, ನಂಜನಗೂಡು, ತಿ. ನರಸೀಪುರದ ಕಡೆ ನೀಲಗಾರರ ಕಥೆಗೆ ರಾತ್ರಿಯಿಡೀ ಕೂತವರಿಗೆ ಇದು ಗೊತ್ತಿರುವ ಮಾತೇ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕಥೆಯ ಎಳೆ ಎತ್ತುತ್ತಾರೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಪದ ಕಟ್ಟಿದವರು ಒಬ್ಬರು, ಮಟ್ಟು ಹಾಕಿದವರು ಇನ್ನೊಬ್ಬರು ಎಂಬ ಲೆಕ್ಕ ಅಲ್ಲಿಲ್ಲ.

ಆದರೆ ಸಿನಿಮಾದಲ್ಲಿ ಸಾಮಾನ್ಯವಾಗಿ ಸಂಗೀತ ನಿರ್ದೇಶಕರು ಮಟ್ಟು ಕೊಡುತ್ತಿದ್ದರು, ಕವಿ ಅದಕ್ಕೆ ಪದ ಕೂರಿಸುತ್ತಿದ್ದರು. ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್ ಆ ಕಟ್ಟಿನೊಳಗೇ ದೊಡ್ಡ ಕೆಲಸ ಮಾಡಿದರು. ಎರಡನ್ನೂ ಒಂದೇ ಕೈಗೆ ತಂದುಕೊಂಡು ಮುನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ದುಡಿದವರು, 1951ರಲ್ಲಿ ಹುಟ್ಟಿದ ಗಂಗರಾಜು, ಅಂದರೆ ನಮ್ಮ ಹಂಸಲೇಖ.

ಎಪ್ಪತ್ತರ ದಶಕದ ಮೊದಲಲ್ಲೇ ‘ತ್ರಿವೇಣಿ’ ಚಿತ್ರಕ್ಕೆ ಅವರು ಹಾಡು ಬರೆದಿದ್ದರು. ಮನೆಮಾತಾದದ್ದು ಮಾತ್ರ 1987ರಲ್ಲಿ, ರವಿಚಂದ್ರನ್ ಅವರ ‘ಪ್ರೇಮಲೋಕ’ದಿಂದ. ಕಾಲೇಜು ಹುಡುಗರ ಮಾತು, ಕೀಟಲೆ, ಜಗಳ ಎಲ್ಲ ಅಲ್ಲಿ ಹಾಡಾದವು. ಲಹರಿ ಸಂಸ್ಥೆಯ ಕ್ಯಾಸೆಟ್ಟು ಊರೂರಿಗೆ ಹೋಯಿತು. ಬೀದಿಮಾತು ಹಾಡಿಗೆ ತಕ್ಕದ್ದಲ್ಲ ಎಂದವರಿದ್ದರು. ನಾನು ಅದನ್ನು ಒಪ್ಪುವುದಿಲ್ಲ. ಆಡುಮಾತಿಗೆ ತನ್ನದೇ ನಡೆ ಇದೆ, ಅವರು ಅದನ್ನು ಕಿವಿಗೊಟ್ಟು ಕೇಳಿದರು.

ಅದೇ ಕಿವಿ 1996ರ ‘ಜನುಮದ ಜೋಡಿ’ಯಲ್ಲಿ ಹಳ್ಳಿಯ ಕಡೆ ತಿರುಗಿತು. ಮಲೆ ಮಾದಪ್ಪನ ಪರಂಪರೆಯ ‘ಕೋಲುಮಂಡೆ’ ಹಾಡನ್ನು ಎಲ್. ಎನ್. ಶಾಸ್ತ್ರಿ ಅದರಲ್ಲಿ ಹಾಡಿದರು. ಆ ಮಾದಪ್ಪನ ಭಕ್ತರಾದ ದೇವರಗುಡ್ಡರ ಕಂಸಾಳೆ ಕುಣಿತವನ್ನು ಹತ್ತಿರದಿಂದ ನೋಡಿದರೆ ಈ ಹಾಡಿನ ಬಲ ತಿಳಿಯುತ್ತದೆ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯ ದಾರದ ತುದಿಯಲ್ಲಿ ಚಪ್ಪಟೆ ತಾಳ. ದಾರ ಬೀಸಿ ಬಂದು ಬಟ್ಟಲಿಗೆ ಬಡಿಯುವ ಹೊತ್ತಿಗೆ ಸರಿಯಾಗಿ ಪದದ ಒತ್ತು ಬೀಳಬೇಕು. ಒಂದಕ್ಷರ ಹೆಚ್ಚಾದರೆ ಕುಣಿಯುವವನ ಹೆಜ್ಜೆಯೇ ತಪ್ಪುತ್ತದೆ. ಇಂಥ ಕಡೆ ಪದವನ್ನೂ ತಾಳವನ್ನೂ ಬೇರೆ ಬೇರೆ ಕೂತು ಮಾಡಲು ಬರುವುದಿಲ್ಲ. ಹಂಸಲೇಖರ ಶಕ್ತಿ ಇರುವುದು ಇಲ್ಲೇ.

ಶಾಸ್ತ್ರೀಯ ಸಂಗೀತ ಅವರಿಗೆ ದೂರದ್ದಲ್ಲ. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಅದರಲ್ಲೇ ಹಾಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಬಂತು. 2023ರಲ್ಲಿ ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟಿಸಿದವರೂ ಹಂಸಲೇಖರೇ. ನಮ್ಮ ಸೀಮೆಯ ಕಂಸಾಳೆಯವರಿಗೂ ತಂಬೂರಿಯವರಿಗೂ ಆ ಗೌರವದಲ್ಲಿ ಪಾಲಿದೆ ಎಂದೇ ನನ್ನ ಭಾವನೆ.