ಸೇನಾಪೋಷಣೆಯಿಂದ ಪ್ರಜಾಪಾಲನೆಗೆ: ಸರ್ ಮಾರ್ಕ್ ಕಬ್ಬನ್



ಬೆಂಗಳೂರಿನ ಕಬ್ಬನ್ ಉದ್ಯಾನದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಆ ಉದ್ಯಾನವು 1870ರಲ್ಲಿ ರಚಿತವಾಗುವುದಕ್ಕೆ ಒಂಬತ್ತು ವರ್ಷ ಮೊದಲೇ ಗತಿಸಿದ್ದ ಸರ್ ಮಾರ್ಕ್ ಕಬ್ಬನ್ನರು, ಸೈನಿಕರಾಗಿ ಬಂದು ಒಂದು ರಾಜ್ಯದ ಆಡಳಿತಭಾರವನ್ನು ಹೊತ್ತದ್ದು ಹೇಗೆ ಎಂಬ ವೃತ್ತಾಂತವು ಅಷ್ಟು ಪ್ರಸಿದ್ಧವಲ್ಲ.

ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವನ್ನು ಸೇರಿದ ಅವರು ಬಹುಕಾಲ ದುಡಿದದ್ದು ಕಮಿಸರಿಯಟ್ ಇಲಾಖೆಯಲ್ಲಿ, ಎಂದರೆ ಸೇನೆಗೆ ದವಸಧಾನ್ಯ, ಎತ್ತು, ಬಂಡಿ, ಮೇವುಗಳನ್ನು ಒದಗಿಸುವ ಶಾಖೆಯಲ್ಲಿ. ಯಾವ ಸೀಮೆಯಲ್ಲಿ ಎಷ್ಟು ದವಸ ಸಿಕ್ಕೀತು, ಯಾವ ದಾರಿಯಲ್ಲಿ ಬಂಡಿ ಸಾಗೀತು, ಯಾವ ಹೊಳೆಯನ್ನು ಮಳೆಗಾಲದಲ್ಲಿ ದಾಟಲಾಗದು ಎಂಬ ಲೆಕ್ಕವೇ ಆ ಶಾಖೆಯವರ ನಿತ್ಯವ್ಯವಹಾರ. ರಣಕೀರ್ತಿಯನ್ನು ತಂದುಕೊಡದ ಈ ವಿದ್ಯೆಯೇ ಮುಂದೆ ಅವರ ರಾಜ್ಯಭಾರಕ್ಕೆ ಆಧಾರವಾಯಿತೆಂಬುದು ನನ್ನ ಅಭಿಪ್ರಾಯ.

ಮೈಸೂರು ರಾಜ್ಯದ ನಗರ ಸೀಮೆಯ ರೈತರು ದಂಗೆಯೆದ್ದ ತರುವಾಯ, 1831ರಲ್ಲಿ ಕಂಪನಿಯ ಸರ್ಕಾರವು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಸಮಿತಿಯಲ್ಲಿ ಕಬ್ಬನ್ನರೂ ಒಬ್ಬ ಸದಸ್ಯರಾಗಿದ್ದರು; 1834ರಲ್ಲಿ, ಕಂಪನಿಯ ಪರವಾಗಿ ಮೈಸೂರಿನ ಆಡಳಿತ ನಡೆಸುವ ಕಮಿಷನರ್ ಪದವಿಗೆ ಬಂದು, 1861ರವರೆಗೆ ಅದರಲ್ಲಿಯೇ ಇದ್ದರು. ರೈತನ ಮೇಲಿದ್ದ ಹೊರೆ ಎಂಥದೆಂಬುದಕ್ಕೆ ಆಗಿನ ತೆರಿಗೆಗಳೇ ಸಾಕ್ಷಿ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ಮತ್ತೊಂದು ತೆರಿಗೆ. ಪೂರ್ವಿಕರು ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಊರಿನವರು ಇನ್ನೂ ದಂಡ ತೆರುತ್ತಿದ್ದರು. ಇಂಥ 769 ಚಿಲ್ಲರೆ ತೆರಿಗೆಗಳನ್ನು ಕಬ್ಬನ್ನರ ಆಡಳಿತವು ರದ್ದುಪಡಿಸಿತು. ಕಂದಾಯವನ್ನು ಫಸಲು ಕೈಗೆ ಬರುವ ಕಾಲಕ್ಕೆ ಹೊಂದುವಂತೆ ಐದು ಕಂತುಗಳಲ್ಲಿ ತೆರಲು ಅವಕಾಶವಿತ್ತಿತು.

ಬೆಳೆದ ಧಾನ್ಯವು ಪೇಟೆಯನ್ನು ಮುಟ್ಟದಿದ್ದರೆ ರೈತನಿಗೆ ಬೆಲೆಯೆಲ್ಲಿ? ಸೈನ್ಯಕ್ಕಾಗಿ ದಾರಿಯನ್ನು ಅಳೆಯುತ್ತಿದ್ದ ಕಣ್ಣು ಈಗ ಪ್ರಜೆಗಳಿಗಾಗಿ ಅಳೆಯತೊಡಗಿತು. ಅವರ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆಗಳೂ 300ಕ್ಕೂ ಹೆಚ್ಚು ಸೇತುವೆಗಳೂ ನಿರ್ಮಿತವಾದುವು. ಘಟ್ಟದ ದಾರಿಗಳಲ್ಲಿ ಬಂಡಿಗಳು ಇಳಿಯುವಂತಾದುವು. 1856ರಲ್ಲಿ ಲೋಕೋಪಯೋಗಿ ಇಲಾಖೆಯು ಸ್ಥಾಪಿತವಾಯಿತು. 1858ರಲ್ಲಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ವಿದ್ಯಾಶಾಲೆಯು ಬೆಂಗಳೂರಿನಲ್ಲಿ ತೆರೆಯಿತು. ಜೋಲಾರಪೇಟೆಯಿಂದ ಬೆಂಗಳೂರಿಗೆ ಬರುವ ರೈಲುದಾರಿಯ ಕೆಲಸವೂ ಅವರ ಅಧಿಕಾರಾವಧಿಯಲ್ಲಿಯೇ ಮೊದಲಾಯಿತು.

ಹಾಗೆಂದು ಆ ಆಡಳಿತವು ಪ್ರಜೆಗಳ ಸಮ್ಮತಿಯ ಮೇಲೆ ನಿಂತದ್ದೆಂದು ಯಾರೂ ಭ್ರಮಿಸಬೇಕಾಗಿಲ್ಲ. ರಾಜರನ್ನು ಬದಿಗಿರಿಸಿ ಪರದೇಶದ ಸಂಸ್ಥೆಯೊಂದು ನಡೆಸಿದ ಆಳ್ವಿಕೆ ಅದು. ಅಲ್ಲಿ ರೈತನು ಅಹವಾಲನ್ನು ಸಲ್ಲಿಸಬಹುದಾಗಿತ್ತೇ ಹೊರತು ನಿರ್ಣಯದಲ್ಲಿ ಪಾಲನ್ನು ಪಡೆಯುವಂತಿರಲಿಲ್ಲ. ಅದೇ ಮೈಸೂರಿನಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯು ಸೇರಿದಾಗ ಮಾತ್ರ ಆ ಕೊರತೆಯು ತೀರುವ ದಾರಿ ತೆರೆಯಿತು.

ಸ್ವದೇಶಕ್ಕೆ ಮರಳುವ ಪ್ರಯಾಣದಲ್ಲಿ, 1861ರ ಏಪ್ರಿಲಿನಲ್ಲಿ, ಕಬ್ಬನ್ನರು ಸೂಯೆಜ್‌ನಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಕೆಲಸ ಮೊದಲಾದ ದಾರಿಯಲ್ಲಿ ರೈಲು ಬೆಂಗಳೂರನ್ನು ತಲಪಿದ್ದು ಅವರು ಗತಿಸಿದ ಮೇಲೆ, 1864ರಲ್ಲಿ.

ಕಬ್ಬನ್ನರಲ್ಲಿದ್ದಂತೆಯೇ, ಇಂದು ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳುವ ನಮ್ಮ ಯೋಧರಲ್ಲಿಯೂ ಲೆಕ್ಕದ ಶಿಸ್ತೂ, ಸಾಗಣೆಯ ಅನುಭವವೂ, ಹಿಡಿದ ಕೆಲಸವನ್ನು ಮುಗಿಸುವ ಛಲವೂ ತುಂಬಿವೆ. ಆಜ್ಞೆಗೆ ಬದಲಾಗಿ ಗ್ರಾಮಸಭೆಯ ಚರ್ಚೆಯನ್ನು ಒಪ್ಪಿಕೊಂಡು ಅವರು ಊರಿನ ಕೆರೆ, ರಸ್ತೆ, ಶಾಲೆಗಳ ಹೊಣೆಗೆ ಮುಂದಾಗಲಿ. ಊರಿನವರೂ ಅವರನ್ನು ಹಾರತುರಾಯಿಗಳಿಂದ ಸನ್ಮಾನಿಸಿ ಸುಮ್ಮನಾಗದೆ, ಕೆಲಸಕ್ಕೆ ಕರೆಯಲಿ ಎಂಬುದೇ ನನ್ನ ವಿನಂತಿ.